ಪೆನ್ನು ಹಿಡಿದವನಿಗೆ ಒಂದೂವರೆ ರೊಟ್ಟಿ

ಚಿಕ್ಕೋಡಿಯ ನಮ್ಮ ಕಚೇರಿಗೆ ಎಷ್ಟೋ ಸಾಹೇಬರು ಬಂದರು, ಹೋದರು. ಆದರೆ ಅಲ್ಲಿ ಯಾರು ದುಡಿಯುತ್ತಾರೆ, ಯಾರು ಕುರ್ಚಿ ಬಿಸಿ ಮಾಡುತ್ತಾರೆ ಎಂಬುದನ್ನು ಸರಿಯಾಗಿ ಬಲ್ಲವರು ಒಬ್ಬರೇ. ಟೈಪಿಸ್ಟು! ಆ ಟೈಪಿಸ್ಟು ನನ್ನ ಸೋದರತ್ತೆ, ನಾನು ಅದೇ ಕಚೇರಿಯ ಗುಮಾಸ್ತ. ಹೊರಗೆ ಮೀಸೆ ತಿರುವುವವರೂ ಮಧ್ಯಾಹ್ನ ಅವಳು ಡಬ್ಬಿ ತೆರೆಯುವ ಸದ್ದಿಗೆ ತೆಪ್ಪಗಾಗುತ್ತಿದ್ದರು. ಯಾಕೆ ಅಂತೀರಾ? ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಗಷ್ಟೇ ಮೂವತ್ತು ತುಂಬಿತ್ತು. ಮಿರಜಿನ ಡಾಕ್ಟರು ನನ್ನ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಕಣ್ಣು ಹಾಯಿಸಿದಲ್ಲೆಲ್ಲ ಕಬ್ಬು ಬೆಳೆಯುವ ನಾಡಿನವನ ರಕ್ತದಲ್ಲಿ ಸಕ್ಕರೆಯಲ್ಲದೆ ಉಪ್ಪು ಇರುತ್ತದೆಯೇ ಎಂದು ನಾನು ನಕ್ಕೆ. ಅತ್ತೆ ನಗಲಿಲ್ಲ. ಅವಳ ಅಣ್ಣ, ಅಂದರೆ ನಮ್ಮಪ್ಪ, ಇದೇ ಕಾಯಿಲೆಯಿಂದ ನಲವತ್ತೆರಡಕ್ಕೇ ಹೋಗಿದ್ದ. ಗಾಡಿಯ ಮೇಲಿನ ಬಟಾಟಿ ವಡಾ, ಭಜಿ, ಅದರ ಮೇಲೆ ಪಾಕದಂಥ ಚಹಾ, ಇಷ್ಟೇ ಅಪ್ಪನ ಮಧ್ಯಾಹ್ನದ ಊಟ. ನನ್ನದೂ ಅದೇ ಆಗಿತ್ತು.

"ಅಣ್ಣನ್ನ ತಿಂದದ್ದು ನಿನ್ನ ತಿನ್ನಾಕ ನಾ ಬಿಡಾಂಗಿಲ್ಲ" ಎಂದಳು ಅತ್ತೆ. "ನಾಳಿಂದ ನಿನ್ನ ಬುತ್ತಿ ನಂದು. ಗಾಡಿ ಕಡೆ ಹೊಂಟಿ ಅಂದ್ರ ಕಾಲ ಮುರೀತೇನಿ!"

ನಮ್ಮೂರು ಕರೋಶಿಯಲ್ಲಿ ನಮ್ಮಜ್ಜಿ ಹೊಲಕ್ಕೆ ಹೊರುತ್ತಿದ್ದ ಬುತ್ತಿಯನ್ನೇ ಅತ್ತೆ ಕಚೇರಿಗೆ ತಂದಳು. ಹಾಗೇ ತರಲಿಲ್ಲ, ತಿದ್ದಿ ತಂದಳು. ಜೋಳದ ರೊಟ್ಟಿ ಉಳಿಯಿತು, ಅದರ ಮೇಲಿನ ಬೆಣ್ಣೆಮುದ್ದೆ ಹೋಗಿ ಅಗಸಿ ಹಿಂಡಿ ಎಂಬ ಚಟ್ನಿಪುಡಿ, ಮೊಸರು ಬಂದವು. ಎಣ್ಣೆ ತೇಲುವ ಬದನೆಕಾಯಿಯ ಜಾಗಕ್ಕೆ ಮೊಳಕೆ ಬಂದ ಮಡಿಕೆಕಾಳು, ಪುಂಡಿಪಲ್ಯ. ಕಡೆಗೊಂದು ಬೆಲ್ಲದ ತುಂಡು ಕೊಡುವುದು ಅಜ್ಜಿಯ ಕಾಲದ ಕಟ್ಟಳೆ. ಕಟ್ಟಳೆ ಮುರಿಯಬಾರದಲ್ಲ? ಅತ್ತೆ ಬೆಲ್ಲವನ್ನು ನನಗೆ ತೋರಿಸಿ ಮತ್ತೆ ಡಬ್ಬಿಗೆ ಹಾಕುತ್ತಿದ್ದಳು!

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಕೆಲಸ ನೋಡಿ ರೊಟ್ಟಿ ನೀಡುವ ಅಜ್ಜಿಯ ಪದ್ಧತಿಯೂ ಡಬ್ಬಿಯ ಜೊತೆಗೇ ಬಂತು. "ನೇಗಿಲಾ ಹಿಡದಾವಗ ಐದ ರೊಟ್ಟಿ, ಪೆನ್ನ ಹಿಡದಾವಗ ಒಂದೂವರಿ" ಎಂದು ತೀರ್ಪಾಯಿತು. ಅದರಲ್ಲೂ ಪೆನ್ನು ಬರೀ ಹಿಡಿದಿದ್ದನೋ, ಬರೆದಿದ್ದನೋ ಎಂಬ ವಿಚಾರಣೆ ಬೇರೆ!

ಮೊದಲು ಮೂಗು ಮುರಿದ ಸಹೋದ್ಯೋಗಿಗಳು ಹಿಂಡಿಯ ವಾಸನೆಗೆ ಸೋತು, ತಮ್ಮ ಮನೆಯ ಜೋಳ ತಂದು ಕೊಟ್ಟು ಪಂಕ್ತಿಗೆ ಕುಳಿತರು. ಒಂದು ದಿನ ಹೆಡ್ ಕ್ಲಾರ್ಕರು, "ಅಕ್ಕಾರ, ಇನ್ನೊಂದ ರೊಟ್ಟಿ ಹಾಕ್ರಿ" ಎಂದು ಕೈ ಚಾಚಿದರು.

"ಮುಂಜಾನಿಂದ ಏನ್ ಮಾಡೀರಿ?"

"ಫೈಲ್ ನೋಡೇನ್ರಿ."

"ನೋಡಿದ್ರ ಹಸಿವು ಆಗತೈತೇನ್ರಿ? ಮಜ್ಜಿಗಿ ಕುಡೀರಿ!"

ಸೀಗಿ ಹುಣ್ಣಿಮೆಗೆ ಬೆಳೆದ ಹೊಲದಲ್ಲಿ ಅಡುಗೆಯ ಮೊದಲ ತುತ್ತನ್ನು ಚರಗವೆಂದು ಚೆಲ್ಲುವುದು ನಮ್ಮ ಕಡೆಯ ವಾಡಿಕೆ. ನಮಗೆ ಉಣ್ಣಲು ಕೊಡುವ ನೆಲ ಮೊದಲು ಉಣ್ಣಬೇಕು, ಆಮೇಲೆ ನಾವು. ಒಂದು ವರ್ಷ ಹೊಲದ ಚರಗ ಮುಗಿಸಿದ ಅತ್ತೆಗೆ ಮರುದಿನ ಕಚೇರಿಯಲ್ಲಿ ಜ್ಞಾನೋದಯವಾಯಿತು. "ನಮಗ ಅನ್ನಾ ಹಾಕೂದು ಇದೂ ಹೌದಲ್ಲೋ?" ಎನ್ನುತ್ತಾ ರೆಕಾರ್ಡ್ ಕೋಣೆಯ ನಾಲ್ಕೂ ಮೂಲೆಗೆ ಕಡುಬು ಮುರಿದು ಚೆಲ್ಲಿಯೇಬಿಟ್ಟಳು. ನೆಲ ಉಂಡಿತೋ ಇಲ್ಲವೋ, ಇಲಿಗಳು ಬಂಧುಬಳಗ ಸಮೇತ ಬಂದವು. ವರ್ಷಗಟ್ಟಲೆ ಇದ್ದಲ್ಲೇ ಇದ್ದ ಫೈಲುಗಳು ಆ ವಾರ ಮೊದಲ ಬಾರಿಗೆ ಅಲುಗಾಡಿದವು!

ಸುದ್ದಿ ಸಾಹೇಬರಿಗೆ ಮುಟ್ಟಿತು. ಮೈಸೂರು ಕಡೆಯವರು, ಹೊಸದಾಗಿ ಬಂದಿದ್ದರು. ಅತ್ತೆಯನ್ನೂ ನನ್ನನ್ನೂ ಒಳಗೆ ಕರೆಸಿದರು.

"ಏನಮ್ಮಾ, ಇದೇನು ಆಫೀಸೋ, ಹೊಲಾನೋ?"

"ಹೊಲಾ ಆಗಿದ್ರ ಇಷ್ಟೊತ್ತಿಗಿ ಬೆಳಿ ಬರತಿತ್ರಿ, ಸಾಹೇಬ್ರ!"

ಸಾಹೇಬರ ಮುಖ ಕೆಂಪಾಯಿತು. "ನಾಳೆಯಿಂದ ಇಲ್ಲಿ ಯಾರೂ ಡಬ್ಬಿ ಬಿಚ್ಚಕೂಡದು. ಬಿಚ್ಚಿದರೆ ನಿಮ್ಮನ್ನ ಅಥಣಿಗೆ ಹಾಕಿಬಿಡ್ತೀನಿ."

"ಹಾಕ್ರಿ. ಅಥಣ್ಯಾಗ ಜ್ವಾಳಾ ಚಲೋ ಸಿಗತಾವು. ಆದ್ರ ಈ ಹುಡುಗನ್ನೂ ನನ್ನ ಜೋಡಿ ಹಾಕ್ರಿ. ನಮ್ಮಣ್ಣಗ ಹೊತ್ತಿಗಿ ಸರಿಯಾಗಿ ನೀಡಾಕ ಯಾರೂ ಇರಲಿಲ್ರಿ. ಇವಗ ನಾ ಅದೇನಿ."

ಅಷ್ಟು ಹೇಳಿ ಹೊರಗೆ ಬಂದವಳು ಟೈಪ್‌ರೈಟರಿಗೆ ಹಾಳೆ ಏರಿಸಿದಳು. ತನ್ನ ವರ್ಗಾವಣೆಯ ಆದೇಶವನ್ನು ತಾನೇ ಟಕಟಕನೆ ಬಡಿದು, ಒಂದು ಗ್ಲಾಸು ಮಜ್ಜಿಗೆಯ ಜೊತೆ ಸಾಹೇಬರ ಮೇಜಿನ ಮೇಲಿಟ್ಟಳು. ಸಹಿ ಎಲ್ಲಿ ಮಾಡಬೇಕೆಂದು ಗುರುತನ್ನೂ ಹಾಕಿದ್ದಳು! ಮರುದಿನ ಮಧ್ಯಾಹ್ನ ಡಬ್ಬಿ ಎಂದಿಗಿಂತ ಜೋರಾಗಿ ಸದ್ದು ಮಾಡುತ್ತಾ ತೆರೆಯಿತು. ನಾವೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದಾಗ ಸಾಹೇಬರೇ ಬಂದು ಬಾಗಿಲಲ್ಲಿ ನಿಂತರು. ಕೆಮ್ಮಿದರು. "ಮಜ್ಜಿಗೆ ಚೆನ್ನಾಗಿತ್ತು. ನನಗೆಷ್ಟು ರೊಟ್ಟಿ ಬರುತ್ತೆ?" ಎಂದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನಿ ಒಂದ ಸಹಿ ಬಾಕಿ ಉಳಿಸೀರಿ. ಅರ್ಧಾ ತಗೋರಿ!"

ಆ ಅರ್ಧ ರೊಟ್ಟಿ ತಿಂದ ಸಾಹೇಬರು ಮತ್ತೆ ಅಥಣಿಯ ಹೆಸರೆತ್ತಲಿಲ್ಲ. ಇಲಿಗಳಿಗಾಗಿ ಬೆಕ್ಕೊಂದು ಬಂತು. ಅದಕ್ಕೂ ಅತ್ತೆ ಹಿಡಿದ ಇಲಿ ನೋಡಿಯೇ ಮೊಸರು ಹಾಕುತ್ತಿದ್ದಳು.

ನಿವೃತ್ತಿಯಾಗಿ ಕೆಲ ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಳು. ನಮ್ಮ ಮನೆಗೇ ಕರೆತಂದಿದ್ದೆ. ಅಪ್ಪ ಹೋದ ವಯಸ್ಸನ್ನು ನಾನು ದಾಟಿದ ವರ್ಷವೇ ಅದು. ಒಂದು ಭಾನುವಾರ ನಾನೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದೆ. ಒಂದೂ ದುಂಡಗೆ ಬರಲಿಲ್ಲ. ಐದು ರೊಟ್ಟಿಯ ತಾಟು ಕಂಡು ಅತ್ತೆ ಹುಬ್ಬು ಗಂಟಿಕ್ಕಿದಳು.

"ಇಷ್ಟ್ ಯಾಕ ತಂದೀಲೇ? ಮಲಗಿದಾಕಿಗಿ ಅರ್ಧಾ ರೊಟ್ಟೀನೂ ಹೆಚ್ಚ. ನಿನ್ನ ಲೆಕ್ಕಾ ತಪ್ಪೇತಿ."

"ತಪ್ಪಿಲ್ಲ ಅತ್ತಿ. ನೇಗಿಲಾ ಹಿಡದಾರಿಗಿ ಐದು ಅಂತ ನೀನ ಹೇಳಿದ್ದಿ. ನನ್ನ ಉಳಿಸಾಕ ನೀ ಹಿಡದದ್ದು ನೇಗಿಲಾನ ಅಲ್ಲೇನು?"

ಅತ್ತೆ ರೊಟ್ಟಿ ಮುರಿದು, ಹಿಂಡಿ-ಮೊಸರಿನಲ್ಲಿ ಅದ್ದಿದಳು. ಚರಗದ ಮೊದಲ ತುತ್ತು ಚೆಲ್ಲಲು ನಾಲ್ಕೂ ಮೂಲೆ ನೋಡುತ್ತಾಳೆಂದುಕೊಂಡೆ. ಅವಳು ಎಲ್ಲಿಯೂ ನೋಡದೆ ಆ ತುತ್ತನ್ನು ನನ್ನ ಕಡೆ ಚಾಚಿದಳು.

"ಬಾಯಿ ತಗಿ" ಎಂದಳು.