ತೊಂಬತ್ತೈದರಲ್ಲಿ ಎಚ್ಚರಗೊಳ್ಳುವವರಿಗೆ

ಮಾನ್ಯ ಓಲಾಟದವರೇ,

ನನ್ನ ದೂರಪ್ರಯಾಣದ ಮೋಟಾರು ಸೈಕಲ್ಲಿನ ಯಾವುದೋ ಮೂಳೆಯೊಳಗೆ ಹೇಳದೆ ಕೇಳದೆ ಬಿಡಾರ ಹೂಡಿ, ಗಾಡಿಯು ಗಂಟೆಗೆ ತೊಂಬತ್ತೈದು ಕಿಲೋಮೀಟರಿನ ವೇಗವನ್ನು ಮುಟ್ಟಿದೊಡನೆ ಕಣ್ತೆರೆಯುವ ತಮ್ಮ ಸನ್ನಿಧಾನಕ್ಕೆ, ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದ ಈ ಬಡಪಾಯಿಯು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಹಿಡಿಕೆಯಿಂದ ಒಂದು ಕೈ ತೆಗೆದರೂ ಏನಾಗುತ್ತದೆಂಬುದನ್ನು ತಾವೇ ನನಗೆ ಕಲಿಸಿರುವುದರಿಂದ, ಗಾಡಿಯನ್ನು ನಿಲ್ಲಿಸಿ, ಕೀಲಿ ತೆಗೆದು, ಕಾಲೂರಿ ನಿಂತ ಮೇಲೆಯೇ ಕೈ ಜೋಡಿಸಿದ್ದೇನೆಂದು ತಿಳಿಯತಕ್ಕದ್ದು. ತಮಗೆ ವಿಳಾಸವಿಲ್ಲ, ರಿಪೇರಿ ಅಂಗಡಿಯ ಮೇಸ್ತ್ರಿಯು ಮೂರು ಬಾರಿ ಗಾಡಿಯನ್ನು ಬಿಚ್ಚಿ ಹುಡುಕಿದರೂ ತಾವು ಮನೆಯಲ್ಲಿರಲಿಲ್ಲ. ಆದಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ಮೊದಲಿಗೆ ಸಂಬೋಧನೆಯ ವಿಚಾರ. ತಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ನಿಶ್ಚಯಿಸುವುದಕ್ಕೇ ನನಗೆ ಮೂರು ವಾರ ಹಿಡಿಯಿತು. ನಡುಕವೆನ್ನೋಣವೆಂದರೆ ಅದು ಚಳಿಗೂ ಭಯಕ್ಕೂ ಸಲ್ಲುವ ಮಾತು, ಮತ್ತು ಭಯವು ನನ್ನದಾಗಿತ್ತೇ ಹೊರತು ಗಾಡಿಯದಲ್ಲ. ತೂರಾಟವೆಂದರೆ ಪಾನಗೋಷ್ಠಿಯಿಂದ ಮರಳುವವರ ಚಿತ್ರ ಕಣ್ಮುಂದೆ ಬಂದು ನಿಲ್ಲುತ್ತದೆ. ಜೋಲಿಯು ಒಮ್ಮೆ ಹೊಡೆದು ಮುಗಿದುಹೋಗುವಂಥದು, ತಮ್ಮ ಹಾಗೆ ತಾಳ ಹಾಕಿ ಮುಂದುವರಿಯುವಂಥದಲ್ಲ. ಮೇಸ್ತ್ರಿಯಂತೂ ಇಂಗ್ಲಿಷಿನ ಪದವೊಂದನ್ನು ಮುರಿದು ತಮ್ಮನ್ನು ‘ವಾಬ್ಲು’ ಎನ್ನುತ್ತಾನೆ, ಸಾಲದ್ದಕ್ಕೆ ಬಹುವಚನವನ್ನೂ ಹಚ್ಚಿ ‘ಇಂಥ ವಾಬ್ಲುಗಳು ಎಷ್ಟೋ ನೋಡಿದೀನಿ’ ಎನ್ನುತ್ತಾನೆ. ಆ ಪದವನ್ನು ಕಾಗದದ ಮೇಲೆ ಇಳಿಸುವಾಗ ನನ್ನ ಲೇಖನಿಯೇ ತೊಂಬತ್ತೈದರ ವೇಗ ಮುಟ್ಟಿದಂತೆ ಆಡಿತು. ಕಡೆಗೆ, ತೊಟ್ಟಿಲಿಗೂ ದೋಣಿಗೂ ಒಪ್ಪುವ, ಮರ್ಯಾದಸ್ಥರ ಮನೆಯ ಪದವೆಂದು ‘ಓಲಾಟ’ವನ್ನು ಆರಿಸಿ ತಮಗೆ ಅರ್ಪಿಸಿದ್ದೇನೆ. ಈ ಪದದ ಕುರಿತು ಮುಂದೆ ನನಗಾದ ಅವಮಾನವನ್ನು ಅದರ ಸ್ಥಳದಲ್ಲಿಯೇ ನಿವೇದಿಸುವೆ.

ತಮ್ಮ ಸಮಯಪಾಲನೆಯನ್ನು ಹೊಗಳದಿದ್ದರೆ ನನ್ನ ನಾಲಗೆ ಬಿದ್ದುಹೋದೀತು. ಎಂಬತ್ತರಲ್ಲಿ ಗಾಡಿಯು ಹಾಸಿಗೆಯ ಮೇಲೆ ಹಾಸಿದ ಮೇಲುಹಾಸಿನಂತೆ ಸುಕ್ಕಿಲ್ಲದೆ ಸಾಗುತ್ತಿತ್ತು. ತೊಂಬತ್ತರಲ್ಲಿ ಹಿಡಿಕೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡಂತಾಗುತ್ತಿತ್ತು. ತೊಂಬತ್ತೈದಕ್ಕೆ ತಾವು ಪ್ರತ್ಯಕ್ಷ. ನಾನು ಕೆಲಸ ಮಾಡಿದ ಅಚ್ಚುಕೂಟದಲ್ಲಿ ಹೊತ್ತಿಗೆ ಇಷ್ಟು ಸರಿಯಾಗಿ ಬರುತ್ತಿದ್ದವರು ಒಬ್ಬರೂ ಇರಲಿಲ್ಲ. ಹೆದ್ದಾರಿಯಲ್ಲಿ ಆ ದಿನ ಲಾರಿಯೊಂದು ನಮ್ಮನ್ನು ದಾಟಿ ಹೋದಾಗ, ಅದರ ಗಾಳಿಯನ್ನೇ ಪಲ್ಲಕ್ಕಿ ಮಾಡಿಕೊಂಡು ತಾವು ಬಿಜಯಂಗೈದಿರಿ. ಹಿಡಿಕೆಯು ಎಡಕ್ಕೂ ಬಲಕ್ಕೂ ಆಡತೊಡಗಿತು, ನಾನು ಬಿಗಿಯಾಗಿ ಹಿಡಿದೆ, ಹಿಡಿದಷ್ಟೂ ಅದು ಹೆಚ್ಚಿತು, ಹಿಂದೆ ಕುಳಿತಿದ್ದ ನನ್ನ ಹೆಂಡತಿಯ ಶಿರಸ್ತ್ರಾಣವು ನನ್ನ ಶಿರಸ್ತ್ರಾಣಕ್ಕೆ ಮೂರು ಸಲ ಬಡಿಯಿತು. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ನಮ್ಮಿಬ್ಬರ ತಲೆಗಳು ಅಷ್ಟು ನೇರವಾಗಿ ಸಂಧಿಸಿದ್ದು ಅದೇ ಮೊದಲು.

ವೇಗವು ತಾನಾಗಿಯೇ ಎಪ್ಪತ್ತಕ್ಕೆ ಇಳಿದಾಗ ತಾವು ಹೇಗೆ ಬಂದಿರೋ ಹಾಗೆಯೇ ಅಂತರ್ಧಾನರಾದಿರಿ. ನಾನು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿದೆ. ಆಕೆ ಇಳಿದು, ಮೈಲಿಗಲ್ಲಿನ ಮೇಲೆ ಕುಳಿತು, ತನ್ನ ಎರಡೂ ಅಂಗೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ, ದನಿ ಏರಿಸದೆ, “ಇಷ್ಟು ವರ್ಷ ನಿಮ್ಮ ಹಿಂದೆ ಕೂತೆ. ಇನ್ನು ಕೂರಲ್ಲ,” ಎಂದಳು.

ಇಲ್ಲಿ ಒಂದು ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಆಕೆಯ ಅಕ್ಕನವರು ಇಲ್ಲಿಂದ ನಾನೂರಿಪ್ಪತ್ತು ಕಿಲೋಮೀಟರು ದೂರದಲ್ಲಿ ವಾಸವಾಗಿದ್ದಾರೆ, ಅವರಿಗೆ ಹೊಸ ಮಂಡಿ ಕೂಡಿಸಿದ್ದಾರೆ, ಮತ್ತು ಅವರು ತಂಗಿಯ ಕೈ ಹಿಡಿದುಕೊಂಡಲ್ಲದೆ ಮೊದಲ ಹೆಜ್ಜೆ ಇಡುವುದಿಲ್ಲವೆಂದು ಹಟ ಹಿಡಿದಿದ್ದಾರೆ. ನನ್ನ ಹೆಂಡತಿಯು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸ ಮಾಡಿದವಳು. ಹಿಂದಿನಿಂದ ನಡಿಗೆಯನ್ನು ನೋಡಿಯೇ ಯಾವ ಕೀಲು ನೋಯುತ್ತಿದೆಯೆಂದು ಹೇಳಬಲ್ಲವಳು. ತಿಂಗಳ ಇಪ್ಪತ್ತನಾಲ್ಕಕ್ಕೆ ನಾವಿಬ್ಬರೂ ಎಂದಿನಂತೆ ಗಾಡಿಯಲ್ಲಿ ಹೋಗುವುದೆಂದು ನಿಶ್ಚಯವಾಗಿತ್ತು. ಮೈಲಿಗಲ್ಲಿನ ಆ ಪ್ರಸಂಗದ ಮಾರನೆಯ ದಿನ, ಅಡುಗೆಮನೆಯ ಗೋಡೆಯ ಮೊಳೆಗೆ ಬಸ್ಸಿನ ಟಿಕೆಟ್ಟೊಂದು ಸಿಕ್ಕಿಸಿತ್ತು. ಆಸನ ಸಂಖ್ಯೆ ಮೂವತ್ತೆರಡು. ಒಂದೇ ಆಸನ. ನಲವತ್ತು ವರ್ಷಗಳಲ್ಲಿ ಲಕ್ಷಾಂತರ ಪುಟ ಓದಿದ ನನ್ನ ಕಣ್ಣಿಗೆ ಅಷ್ಟು ಚಿಕ್ಕ ಬರಹವೊಂದು ಅಷ್ಟು ದೊಡ್ಡದಾಗಿ ಕಂಡದ್ದಿಲ್ಲ. ಇಪ್ಪತ್ತನಾಲ್ಕಕ್ಕೆ ಮೊದಲು ತಮ್ಮನ್ನು ಹಿಡಿದು ಹೊರಗೆ ಹಾಕದಿದ್ದರೆ ನನ್ನ ಹಿಂದಿನ ಪೀಠವು ಶಾಶ್ವತವಾಗಿ ತೆರವಾಗುವುದೆಂಬುದರಲ್ಲಿ ಸಂದೇಹವಿರಲಿಲ್ಲ.

ಇನ್ನು ತಮ್ಮ ಶೋಧನೆಗಾಗಿ ನಡೆದ ಯಜ್ಞದ ವಿವರ. ರಿಪೇರಿ ಅಂಗಡಿಯಲ್ಲಿ ದೂರು ಬರೆಯುವ ಪುಸ್ತಕವೊಂದುಂಟು. ಮೊದಲ ಸಲ ನಾನು ಅದರಲ್ಲಿ ದುಂಡಾದ ಅಕ್ಷರಗಳಿಂದ ‘ಅತಿವೇಗದಲ್ಲಿ ಕಂಪನ’ ಎಂದು ಬರೆದೆ. ಮೇಸ್ತ್ರಿಯು ಕಂಪನವೆಂದರೆ ಎಂಜಿನ್ನಿನ ಗಡಗಡವೆಂದು ಬಗೆದು, ಎಂಜಿನ್ನನ್ನು ಕಟ್ಟಿದ ಬೋಲ್ಟುಗಳನ್ನೆಲ್ಲ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದು, ತಾನೇ ಹೆದ್ದಾರಿಗೆ ಕೊಂಡೊಯ್ದು ನೂರಹತ್ತರವರೆಗೆ ಓಡಿಸಿ ಬಂದು, ಏನೂ ಇಲ್ಲವೆಂದು ತಲೆಯಾಡಿಸಿದ. ಎರಡನೆಯ ಸಲ ಅವನು ನನ್ನನ್ನು ಮಣೆಯ ಮೇಲೆ ಕೂರಿಸಿ, ಪುಸ್ತಕದ ಭಾಷೆ ಬೇಡ ಬಾಯಲ್ಲಿ ಹೇಳಿರೆಂದು ವಿನಯದಿಂದಲೇ ಕೇಳಿಕೊಂಡು, “ತಲೆ ಆಡಿಸ್ತದಾ, ಬಾಲ ಆಡಿಸ್ತದಾ, ಅಷ್ಟು ಹೇಳಿ ಸಾರ್,” ಎಂದ. ವಾಹನಕ್ಕೆ ಬಾಲವಿರುವುದಿಲ್ಲ, ಬಾಲವು ಪ್ರಾಣಿಗಳಿಗೂ ಗಾಳಿಪಟಕ್ಕೂ ಸಲ್ಲುವ ಅಂಗವೆಂದು ನಾನು ಉತ್ತರಿಸಿದೆ. ಬಾಲವಿಲ್ಲವೆಂದ ಮೇಲೆ ಉಳಿದದ್ದು ತಲೆಯಾದ್ದರಿಂದ ಅವನು ಹಿಡಿಕೆಯ ಬುಡವನ್ನು ಬಿಚ್ಚಿ ಅಲ್ಲಿಯ ಗುಂಡುಗಳನ್ನು ಬದಲಿಸಿದ, ಮುಂಚಕ್ರವನ್ನು ತಿರುಗಿಸಿ ತೂಕ ಸರಿದೂಗಿಸಿದ, ಟೈರಿನ ಗಾಳಿಯನ್ನು ಅಳೆದ. ತಲೆಯಲ್ಲಿ ದೋಷವೇ ಇರಲಿಲ್ಲ. ಗಾಡಿಯ ತಲೆಯಲ್ಲಿ, ಎಂದು ನನ್ನ ಹೆಂಡತಿಯು ಆ ವಾಕ್ಯವನ್ನು ಸ್ಪಷ್ಟಪಡಿಸಿದಳು.

ಮೂರನೆಯ ಸಲ ಅವನು ಕೇಳಿದ್ದು, ದೂರ ಹೋಗುವಾಗ ಹಿಂದೆ ಸಾಮಾನು ಹೇರುತ್ತೀರೋ ಎಂದು. ಇಲ್ಲವೆಂದೆ. ನಾನು ಸುಳ್ಳು ಹೇಳಿದೆನೆಂದು ತಾವು ಭಾವಿಸಬಾರದು. ಸಾಮಾನು ಎಂಬುದು ಪಾತ್ರೆ, ಪೆಟ್ಟಿಗೆ, ಹಾಸಿಗೆಗಳಿಗೆ ಸಲ್ಲುವ ಮಾತು. ನಾನು ಪ್ರಯಾಣದಲ್ಲಿ ಒಯ್ಯುವುದು ಆರು ಸಂಪುಟಗಳ ನಿಘಂಟು, ಮತ್ತು ನಿಘಂಟನ್ನು ಸಾಮಾನೆಂದು ಕರೆಯುವವನು ಸಾಮಾನ್ಯನೇ ಸರಿ. ಪರವೂರುಗಳ ನಾಮಫಲಕಗಳಲ್ಲಿ ಎಂಥೆಂಥ ಅನಾಹುತಗಳಿರುತ್ತವೆಂಬುದನ್ನು ಬಲ್ಲವರಿಗೆ ನಿಘಂಟಿಲ್ಲದೆ ಮನೆ ಬಿಡುವುದು ಕೊಡೆಯಿಲ್ಲದೆ ಮಳೆಗೆ ಇಳಿದಂತೆ. ಹಿಂದೆಲ್ಲ ಅದನ್ನು ಎರಡು ಬಟ್ಟೆಚೀಲಗಳಲ್ಲಿ, ಪಕ್ಕಕ್ಕೆ ಮೂರರಂತೆ, ಆಸನದ ಎರಡೂ ಬದಿಗೆ ಇಳಿಬಿಡುತ್ತಿದ್ದೆ. ಈ ವರ್ಷ ಚೀಲ ಹರಿದದ್ದರಿಂದ, ಹಿಂಚಕ್ರಕ್ಕಿಂತಲೂ ಹಿಂದೆ, ಎತ್ತರದಲ್ಲಿ ಕೂರುವ ಗಟ್ಟಿ ಪೆಟ್ಟಿಗೆಯೊಂದನ್ನು ತಂದು ಆರನ್ನೂ ಅದರೊಳಗೆ ಪ್ರತಿಷ್ಠಾಪಿಸಿದೆ. ಮೇಸ್ತ್ರಿಯ ಅಂಗಡಿಯಲ್ಲಿ ಎಲ್ಲರ ಕೈಯೂ ಎಣ್ಣೆಕೈಯಾದ್ದರಿಂದ, ಅಲ್ಲಿಗೆ ಹೋಗುವ ಮೊದಲು ಪ್ರತಿ ಸಲವೂ ಆ ಪೆಟ್ಟಿಗೆಯನ್ನು ಕಳಚಿ ಮನೆಯಲ್ಲಿ ಇಟ್ಟು ಹೋಗುತ್ತಿದ್ದೆ. ಹೀಗಾಗಿ ಅವನು ಪರೀಕ್ಷಿಸುತ್ತಿದ್ದ ಗಾಡಿಯಲ್ಲಿ ತಾವು ಇರುತ್ತಿರಲಿಲ್ಲ; ತಾವು ಮನೆಯ ಕಪಾಟಿನ ಮೇಲೆ ವಿಶ್ರಮಿಸುತ್ತಿದ್ದಿರಿ.

ಇದು ತಿಳಿಯದ ಆ ದಿನಗಳಲ್ಲಿ ನಾನು ತಮಗೆ ಮನಸ್ಸಿನಲ್ಲಿಯೇ ಸಲ್ಲಿಸಿದ ಬೇಡಿಕೆಗಳನ್ನು ದಾಖಲೆಗಾಗಿ ಇಲ್ಲಿ ಸ್ಮರಿಸುತ್ತೇನೆ. ತಾವು ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಊಟದ ಬಿಡುವನ್ನು ಬಿಟ್ಟು, ಮೇಸ್ತ್ರಿಯ ಅಂಗಡಿಯಲ್ಲಿ ಖುದ್ದಾಗಿ ಹಾಜರಿರಬೇಕು. ಅದಾಗದಿದ್ದರೆ ತಾವು ಬರುವ ಎರಡು ನಿಮಿಷ ಮೊದಲು ಲಿಖಿತವಾಗಿ, ಶುದ್ಧ ಕನ್ನಡದಲ್ಲಿ, ಸೂಚನೆ ಕಳುಹಿಸಬೇಕು. ಅದೂ ಆಗದಿದ್ದರೆ, ನಿತ್ಯವೂ ನನ್ನ ಕಿಟಕಿಯ ಕೆಳಗೆ ಎಂಜಿನ್ನು ಗುರುಗುಟ್ಟಿಸುವ ಪಕ್ಕದ ಮನೆಯವರ ಗಾಡಿಗೆ ತಮ್ಮನ್ನು ವರ್ಗಾಯಿಸಿಕೊಳ್ಳಬೇಕು. ಅವರು ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನರಿಯದವರಾದ್ದರಿಂದ ಪ್ರಾಣಭಯವೂ ಅವರಿಗೆ ಅಷ್ಟಾಗಿ ಇರಲಾರದು.

ಇಪ್ಪತ್ತೊಂದನೆಯ ತಾರೀಖಿನಂದು ನನ್ನ ಹೆಂಡತಿಯು ತಾಳ್ಮೆಗೆಟ್ಟು, ಆ ಪೆಟ್ಟಿಗೆಯನ್ನು ತಾನೇ ಗಾಡಿಗೆ ಸಿಕ್ಕಿಸಿ, ಇದ್ದದ್ದು ಇದ್ದಂತೆ ತೆಗೆದುಕೊಂಡು ಹೋಗಬೇಕೆಂದು ಆಜ್ಞಾಪಿಸಿ, ತಾನು ನಡೆದುಕೊಂಡು ಬಂದಳು. ಮೇಸ್ತ್ರಿಯು ನನ್ನ ಕಡೆಗೆ ನೋಡದೆ ಅವಳ ಕಡೆಗೆ ನೋಡಿದ. ಆಕೆ, ಆಸ್ಪತ್ರೆಯಲ್ಲಿ ರೋಗಿಯ ಬೆನ್ನ ಹಿಂದೆ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ, “ತಲೆ ನೆಟ್ಟಗಿದೆ. ಇದು ಬಾಲ ಬೀಸ್ತಿದೆ. ಕೂತಿರೋಳು ನಾನು, ನನಗೆ ಗೊತ್ತಾಗಲ್ವಾ?” ಎಂದಳು. ಮೊದಲ ದಿನವೇ ನನ್ನೊಡನೆ ಆಕೆ ಇದನ್ನು ಹೇಳಿದ್ದಳು; ನಾನು ಆ ದಿನ ‘ಬೀಸು’ ಎಂಬ ಕ್ರಿಯಾಪದವು ಚಾಮರಕ್ಕೂ ಗಾಳಿಗೂ ಸಲ್ಲುವುದೆಂದು ತಿದ್ದಿ ಸುಮ್ಮನಾಗಿಸಿದ್ದೆ.

ಮೇಸ್ತ್ರಿಯು ಕೈ ತೊಳೆದುಕೊಂಡು ಬಂದು, ಪೆಟ್ಟಿಗೆಯ ಮುಚ್ಚಳ ತೆರೆದ. ಸಂಪುಟಗಳನ್ನು ಒಂದೊಂದಾಗಿ ಎತ್ತಿ ಬೆಂಚಿನ ಮೇಲಿಟ್ಟ. ಆಕೆ ಹಿಂದಿನ ರಾತ್ರಿಯೇ ಅವುಗಳನ್ನು ಹೊತ್ತು ತೂಕದ ಯಂತ್ರದ ಮೇಲೆ ನಿಂತು ಇಳಿದಿದ್ದಳಂತೆ, ಹದಿನೇಳು ಕಿಲೋ ಎಂದಳು. ಆಮೇಲೆ ಅವನು ಮುಚ್ಚಳದ ಒಳಮೈಯನ್ನು ಬಹಳ ಹೊತ್ತು ನೋಡುತ್ತ ನಿಂತ. ಅಲ್ಲಿ ತಯಾರಕರು ಅಂಟಿಸಿದ ಚೀಟಿಯೊಂದಿತ್ತು: ‘ಐದು ಕಿಲೋಗಿಂತ ಹೆಚ್ಚು ಬಾರ ಹಾಕಬಾರದು. ವೇಗದಲ್ಲಿ ವಾಹನ ಒಲಾಡಬಹುದು.’ ಪೆಟ್ಟಿಗೆಯನ್ನು ಕೊಂಡ ದಿನವೇ ನಾನು ಕೆಂಪು ಶಾಯಿಯಿಂದ ‘ಬಾರ’ವನ್ನು ‘ಭಾರ’ವೆಂದೂ ‘ಒಲಾಡಬಹುದು’ ಎಂಬುದನ್ನು ‘ಓಲಾಡಬಹುದು’ ಎಂದೂ ತಿದ್ದಿ, ಅಂಚಿನಲ್ಲಿ ನನ್ನ ಸಹಿಯ ಮೊದಲಕ್ಷರವನ್ನೂ ಹಾಕಿದ್ದೆ. ಮೂರು ವಾರ ಆರು ಸಂಪುಟ ತಡಕಾಡಿ ನಾನು ತಮಗೆ ಹುಡುಕಿದ ಹೆಸರನ್ನು ತಯಾರಕರು ಮುಚ್ಚಳದಲ್ಲಿ ಮುದ್ರಿಸಿಯೇ ಕೊಟ್ಟಿದ್ದರು, ಒಂದು ದೀರ್ಘವನ್ನು ಮಾತ್ರ ನನಗಾಗಿ ಉಳಿಸಿದ್ದರು.

“ಸಾರ್,” ಎಂದ ಮೇಸ್ತ್ರಿ, ನಗದೆ, “ಇದನ್ನ ನೀವು ಓದಿಲ್ಲ. ಬರೀ ತಿದ್ದಿದೀರಿ.”

ಮಾನ್ಯರೇ, ನಲವತ್ತು ವರ್ಷಗಳ ನನ್ನ ವೃತ್ತಿಜೀವನಕ್ಕೆ ಬೀಳ್ಕೊಡುಗೆಯ ದಿನ ಅಧ್ಯಕ್ಷರು ಮುಕ್ಕಾಲು ಗಂಟೆ ಭಾಷಣ ಮಾಡಿದ್ದರು. ಅದರಲ್ಲಿ ಇಷ್ಟು ಅಡಕವಾದ, ಒಂದಕ್ಷರವೂ ತಿದ್ದಲಾಗದ ವಾಕ್ಯವಿರಲಿಲ್ಲ.

ಪೆಟ್ಟಿಗೆಯಿಲ್ಲದೆ ಅವನು ನನ್ನನ್ನೇ ಹೆದ್ದಾರಿಗೆ ಕಳುಹಿಸಿದ. ಹಿಡಿಕೆಯನ್ನು ಕೋಳಿಯ ಕತ್ತಿನಂತೆ ಹಿಚುಕಬಾರದು, ಮತ್ತೆಂದಾದರೂ ಆಡಿದರೆ ಬ್ರೇಕು ಒತ್ತದೆ, ಮೆಲ್ಲಗೆ ವೇಗ ಇಳಿಸಿ, ಹಗುರಾಗಿ ಹಿಡಿದಿರಬೇಕು, ಎಂದು ಹೇಳಿಕೊಟ್ಟ. ತೊಂಬತ್ತೈದು ಬಂತು, ತಾವು ಬರಲಿಲ್ಲ. ನೂರೈದು ಬಂತು, ತಾವು ಬರಲಿಲ್ಲ. ಮರಳಿದಾಗ ಆಕೆ ಅಂಗಡಿಯ ಬಾಗಿಲಲ್ಲಿ ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಿಘಂಟು ಬರುವುದಿಲ್ಲ ತಾನೇ ಎಂದು ಆಕೆಯೇ ಕೇಳಿದಳು. ಬರುವುದಿಲ್ಲವೆಂದೆ. ಅದಕ್ಕಿಂತ ಚಿಕ್ಕ ವಾಕ್ಯವನ್ನು ನಾನು ಅದಕ್ಕಿಂತ ಕಷ್ಟಪಟ್ಟು ರಚಿಸಿದ್ದಿಲ್ಲ.

ಇಪ್ಪತ್ತನಾಲ್ಕರ ಬೆಳಗ್ಗೆ ನಾವಿಬ್ಬರೂ ಹೊರಟೆವು. ಮೊದಲ ನೂರು ಕಿಲೋಮೀಟರು ಆಕೆ ಹಿಂದಿನ ಕಂಬಿಯನ್ನೇ ಹಿಡಿದಿದ್ದಳು. ಮೈಲಿಗಲ್ಲಿನ ಆ ಜಾಗವನ್ನು ದಾಟುವಾಗ ನಾನು ತೊಂಬತ್ತೈದರಲ್ಲಿದ್ದೆ, ಲಾರಿಯೊಂದು ನಮ್ಮನ್ನು ದಾಟಿ ಹೋಯಿತು, ಗಾಳಿ ಬೀಸಿತು, ಗಾಡಿ ನೆಟ್ಟಗೆ ಸಾಗಿತು. ಸ್ವಲ್ಪ ಹೊತ್ತಿಗೆ ಕಂಬಿ ಬಿಟ್ಟ ಕೈಯೊಂದು ನನ್ನ ಭುಜದ ಮೇಲೆ ಬಂದು ಕುಳಿತಿತು. “ಆ ಹೋಟೆಲ್ ಬೋರ್ಡಲ್ಲಿ ಎರಡು ತಪ್ಪಿತ್ತು, ನೋಡಿದ್ರಾ?” ಎಂದಳು. ನಾನು ನೋಡಿರಲಿಲ್ಲ. ದಾರಿ ನೋಡುತ್ತಿದ್ದೆ.

ಅಕ್ಕನವರು ಅಂದು ಸಂಜೆ ಹನ್ನೊಂದು ಹೆಜ್ಜೆ ನಡೆದರು. ಹಿಂದೆ ನಿಂತು ನೋಡುತ್ತಿದ್ದ ನನ್ನ ಹೆಂಡತಿಯು ಓಲಾಟವಿಲ್ಲವೆಂದು ಘೋಷಿಸಿದಳು. ಪದಪ್ರಯೋಗವು ನಿರ್ದುಷ್ಟವಾಗಿತ್ತು.

ತಮ್ಮನ್ನು ಇನ್ನೆಂದೂ ಎದುರುಗೊಳ್ಳದಿರುವ ಭಾಗ್ಯವನ್ನು ಬೇಡುತ್ತ, ಹಿಡಿಕೆಯನ್ನು ಹಗುರಾಗಿ ಹಿಡಿದಿರುವ,

ತಮ್ಮ ವಿಶ್ವಾಸಿ,
ನಿವೃತ್ತ ಕರಡು ತಿದ್ದುವವನು

ಮರೆತ ಮಾತು: ಬಸ್ಸಿನ ಟಿಕೆಟ್ಟನ್ನು ರದ್ದು ಮಾಡಲು ಅವಧಿ ಮೀರಿತ್ತಾದ್ದರಿಂದ, ಮೂವತ್ತೆರಡನೆಯ ಆಸನದಲ್ಲಿ ಆರು ಸಂಪುಟಗಳನ್ನು ಕೂರಿಸಿ, ಪಟ್ಟಿ ಬಿಗಿದು, ನಾವು ಹೊರಡುವ ಮೊದಲೇ ನನಗೆ ತಿಳಿಸದೆ ಆಕೆ ಕಳುಹಿಸಿಕೊಟ್ಟಿದ್ದಳು. ಅವನ್ನು ಇಳಿಸಿಕೊಳ್ಳಲು ನಿಲ್ದಾಣಕ್ಕೆ ಹೋದಾಗ, ಇಂದೇಕೋ ಬಸ್ಸು ದಾರಿಯುದ್ದಕ್ಕೂ ಸ್ವಲ್ಪ ಬಾಲ ಬೀಸುತ್ತಿತ್ತೆಂದು ಚಾಲಕರು ಹೇಳಿದರು. ಬಸ್ಸಿಗೆ ಬಾಲವಿಲ್ಲವೆಂದು ನಾನು ಹೇಳಲಿಲ್ಲ. ತಾವು ಕ್ಷೇಮವಾಗಿ ತಲುಪಿದಿರೆಂದು ಅದರಿಂದಲೇ ತಿಳಿಯಿತು.