ಮೂರೂವರೆಯ ಕಾಗದವೂ ನನ್ನ ಭಾಷಣವೂ

ಚೆನ್ನಾಗಿ ಮಾತನಾಡುವುದು ಒಂದು ರೋಗ. ಮದ್ದಿಲ್ಲದ ರೋಗ. ಅದು ನನಗಿದೆಯೆಂದು ಮೊದಲು ಕಂಡುಹಿಡಿದವರು ನಮ್ಮ ತಹಶೀಲ್ದಾರರು. ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಸಾಲ ಎತ್ತಲು ಹೊರಟಾಗ, "ಶೆಟ್ರೇ, ನೀವೇ ಹೇಳಿ ಜನರಿಗೆ" ಎಂದು ಗುಮಾಸ್ತನಾದ ನನ್ನನ್ನು ಬಂದರಿಗೆ ಅಟ್ಟಿದರು. ನೂರು ರೂಪಾಯಿ ಕೊಟ್ಟರೆ ಒಂದು ಕಾಗದ, ವರ್ಷಕ್ಕೆ ಐದು ರೂಪಾಯಿ ಬಡ್ಡಿ. ಅಕ್ಕಿ ಮಂಡಿಯ ಜಗಲಿಯಲ್ಲಿ, ಒಣಮೀನಿನ ವಾಸನೆಯ ನಡುವೆ ನಿಂತು, "ಐದು ಸಿಗುವಾಗ ಸರ್ಕಾರದ್ದೇ ಮೂರೂವರೆ ಬಡ್ಡಿಯ ಹಳೇ ಕಾಗದವನ್ನು ಬುದ್ಧಿ ಇದ್ದವರು ಮುಟ್ಟುತ್ತಾರೆಯೇ?" ಎಂದು ಗುಡುಗಿದೆ. ಚಪ್ಪಾಳೆ ಬಿತ್ತು. ಅಂಥ ಹಳೇ ಕಾಗದಗಳು ನನ್ನ ಪೆಟ್ಟಿಗೆಯಲ್ಲೇ ಇದ್ದದ್ದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಅವು ಒಂದು ಕಾಲದಲ್ಲಿ ನನ್ನ ಹೆಂಡತಿ ದೇವಕಿಯ ಚಿನ್ನದ ಸರವಾಗಿದ್ದವು. ಅವಳ ತಾಯಿ ಕೊಟ್ಟದ್ದು. "ಚಿನ್ನ ಮರಿ ಹಾಕುವುದಿಲ್ಲ, ಕಾಗದ ಹಾಕುತ್ತದೆ. ಮಗಳ ಮದುವೆಗೆ ಕಾಗದ ಮಾರಿ ಇನ್ನೂ ದಪ್ಪದ ಸರ ಮಾಡಿಸೋಣ" ಎಂದು ನಾನೇ ಸರವನ್ನು ಬಿಚ್ಚಿಸಿ, ಮಾರಿ, ಕಾಗದ ಕೊಂಡಿದ್ದೆ. ಆಗಲೂ ಚೆನ್ನಾಗಿಯೇ ಮಾತನಾಡಿದ್ದೆ. ಈಗ ಮಗಳ ಮದುವೆ ನಿಶ್ಚಯವಾಗಿತ್ತು. ಕಾಗದ ಹಿಡಿದು ಬಂದರಿನ ದಲ್ಲಾಳಿ ಪೈಗಳಲ್ಲಿಗೆ ಹೋದೆ.

"ನೂರರ ಕಾಗದಕ್ಕೆ ಎಪ್ಪತ್ತು ಕೊಡ್ತೇನೆ" ಎಂದರು.

"ಎಂತ ಪೈಗಳೇ! ಬಡ್ಡಿ ಒಂದು ಕಾಸು ಕಡಿಮೆ ಆಗಲಿಲ್ಲ. ಗೆದ್ದಲೂ ಹಿಡಿಯಲಿಲ್ಲ."

"ಬಡ್ಡಿ ಅಷ್ಟೇ ಉಂಟಲ್ಲ ಮಾರಾಯ್ರೆ, ಅದೇ ತೊಂದರೆ. ಹೊಸ ಕಾಗದಕ್ಕೆ ನೂರು ಹಾಕಿದರೆ ಐದು ಬರ್ತದೆ. ನಿಮ್ಮದು ತರುವುದು ಮೂರೂವರೆ. ಎಪ್ಪತ್ತಕ್ಕೆ ಸಿಕ್ಕಿದರೆ ಮಾತ್ರ ನನಗೂ ನೂರಕ್ಕೆ ಐದು ಬಿದ್ದ ಹಾಗೆ. ಹೊಸ ಬಡ್ಡಿ ಏರಿದರೆ ಹಳೇ ಕಾಗದ ಇಳೀತದೆ. ಅದು ಇಳಿದರೆ ಇದು ಏರ್ತದೆ."

"ಕಾದರೆ ಸರ್ಕಾರ ಪೂರಾ ನೂರು ಕೊಡ್ಲಿಕ್ಕಿಲ್ವಾ?"

"ಯಾವಾಗ ಕೊಡ್ತೇವೆ ಅಂತ ಇದರಲ್ಲಿ ಬರೆದಿಲ್ಲವಲ್ಲ. ಮತ್ತೆ, ಬುದ್ಧಿ ಇದ್ದವರು ಮುಟ್ಟುವುದಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ?"

ಕಾಗದ ಮಡಚಿಕೊಂಡು ಮನೆಗೆ ಬಂದು ಪೈಗಳ ಲೆಕ್ಕ ಹೇಳಿದೆ. ದೇವಕಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅದರಲ್ಲಿ ನಾನು ಗಟ್ಟಿ. "ನಾಳೆ ಕೂಳೂರಿನಲ್ಲಿ ನಿಮ್ಮ ಭಾಷಣ ಉಂಟಲ್ಲ? ಸ್ವಲ್ಪ ಕೆಟ್ಟದಾಗಿ ಮಾತಾಡಿ. ಹೊಸದನ್ನು ಯಾರೂ ಕೊಳ್ಳದಿದ್ದರೆ ಹಳೇದಕ್ಕೆ ಬೆಲೆ ಬಂದೀತು" ಎಂದಳು.

"ಯಾರೂ ಕೊಳ್ಳದಿದ್ದರೆ ಸರ್ಕಾರ ಆರು ಕೊಡ್ತೇನೆ ಅಂತದೆ. ಆಗ ನಮ್ಮದು ಇನ್ನೂ ಬೀಳ್ತದೆ."

"ಹಾಗಾದರೆ ನೀವು ಬಾಯಿ ತೆರೆದರೂ ನಷ್ಟ, ಮುಚ್ಚಿದರೂ ನಷ್ಟ. ಮುಚ್ಚಿಯೇ ನಷ್ಟ ಮಾಡಿ."

ಆಗಲಿ ಎಂದೆ. ನನ್ನೊಬ್ಬನ ಬಾಯಿಯಿಂದ ಕಲ್ಕತ್ತೆಯ ಪೇಟೆಯಲ್ಲಿ ಕಾಗದದ ದರ ಅಲ್ಲಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮರುದಿನ ಕೂಳೂರಿನಲ್ಲಿ ಅವಳ ಸಮಾಧಾನಕ್ಕೆ ತೊದಲುತ್ತಲೇ ಶುರುಮಾಡಿದೆ. ಎದುರಿಗೆ ಕುಳಿತಿದ್ದ ಮುದುಕರೊಬ್ಬರು ಆಕಳಿಸಿದರು. ನನ್ನ ರೋಗ ಕೆರಳಲು ಅಷ್ಟೇ ಸಾಕಾಯಿತು. ಆಮೇಲೆ ಏನು ಹೇಳಿದೆನೋ ನೆನಪಿಲ್ಲ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದ್ದು ಮಾತ್ರ ನೆನಪಿದೆ.

ದೋಣಿಯಲ್ಲಿ ನದಿ ದಾಟಿ ಮನೆಗೆ ಬಂದೆ. ದೇವಕಿ ಬಾಗಿಲಲ್ಲೇ ಕಾಯುತ್ತಿದ್ದಳು. "ಭಾಷಣ ಪೂರಾ ಕೆಡಿಸಿ ಬಂದೆ" ಎಂದೆ. ಅವಳು ನೋಡಿದ್ದು ನನ್ನ ಮುಖವನ್ನಲ್ಲ, ಕೊರಳನ್ನು. ಕೂಳೂರಿನವರು ಹಾಕಿದ ಸೇವಂತಿಗೆ ಮಾಲೆಯನ್ನು ತೆಗೆಯಲು ನಾನು ಮರೆತಿದ್ದೆ.

"ಮಗಳ ಕೊರಳಿಗೆ ಸರ ಬಾರದಿದ್ದರೂ ನಿಮ್ಮ ಕೊರಳಿಗಾದರೂ ಬಂತಲ್ಲ" ಎಂದು ಒಳಗೆ ಹೋದಳು.