ನಿದ್ದೆಯಲ್ಲಿ ಹೂಂ ಎನಿಸಿದ ದೀಪಕ್ಕೆ

ಸೋಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಚಾದರ ಕಾರಖಾನೆಯಲ್ಲಿ, ನೂಲಿನ ಬಣ್ಣ ನೋಡುವ ಮೇಜಿನ ಮೇಲೆ ವಿರಾಜಮಾನರಾಗಿರುವ ಮಾನ್ಯ ಬಿಳಿ ದೀಪದವರೇ,

ಸೂರ್ಯನಾರಾಯಣನೇ ಸಂಜೆಯಾದೊಡನೆ ಅಂಗಡಿ ಮುಚ್ಚಿಕೊಂಡು ಹೋಗುವಾಗ, ಅವನ ಕೆಲಸವನ್ನೂ ತಲೆಯ ಮೇಲೆ ಹೊತ್ತು ನಿಲ್ಲುವ ತಮ್ಮ ಪಾದಗಳಿಗೆ (ತಮಗೆ ಪಾದಗಳಿಲ್ಲ, ಮೊಳೆಗಳಿವೆ, ಆ ಮೊಳೆಗಳಿಗೆ) ಶರಣು. ಮೊದಲು ಹಳದಿ ಬಲ್ಬಿನ ಕೆಳಗೆ ದಾಳಿಂಬೆ ಕೆಂಪೆಂದು ಆರಿಸಿದ ನೂಲು, ನೇಯ್ದು ಬಿಸಿಲಿಗೆ ಹಿಡಿದರೆ ಇಟ್ಟಂಗಿ ಬಣ್ಣದ್ದಾಗಿರುತ್ತಿತ್ತು. ಮಗ ಪ್ರಸಾದ ತಮ್ಮನ್ನು ತಂದು ಕೂರಿಸಿದ ಮೇಲೆ ಹೋದ ಚಾದರ ಒಂದೂ ವಾಪಸ್ ಬಂದಿಲ್ಲ. ಹೋದ ನನ್ನ ನಿದ್ದೆಯೂ ಬಂದಿಲ್ಲ. ಎರಡಕ್ಕೂ ತಾವೇ ಕಾರಣರೆಂದು ಒಪ್ಪಿಕೊಳ್ಳಬೇಕಾಗಿ ವಿನಂತಿ.

ಬಣ್ಣ ಹಾಕುವವರಿಂದ ನೂಲು ಬರುವುದೇ ಹೊತ್ತು ಮುಳುಗುವಾಗ. ಆಗ ತಮ್ಮ ಮುಂದೆ ಮುಖ ಹಿಡಿದು ಕುಳಿತರೆ ಊಟದವರೆಗೂ ಏಳುವಂತಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಮಾತಿಗೆ ಜನ ನನ್ನನ್ನೇ ತೋರಿಸುತ್ತಿದ್ದರು. ಈಗ ಹಾಸಿಗೆಗೆ ಬೆನ್ನು ಹಚ್ಚಿದರೆ ಸಂತೆಗೆ ಹೊರಟವನ ಹುರುಪು. ಮರುದಿನ ಗಿರಾಕಿಯ ಮುಂದೆ ಕುಳಿತರೆ ತೂಕಡಿಕೆ. ಇದೇ ಕಾರಖಾನೆಯಲ್ಲಿ ಚಾದರದ ನಕ್ಷೆ ಬರೆಯುವ ಮಗಳು ಪೂನಮ ಕಾರಣ ಬಿಡಿಸಿ ಹೇಳಿದಳು: “ಅಪ್ಪಾ, ಸಂಜಿ ಮುಂದ ಇಷ್ಟು ಬೆಳ್ಳನ ಬೆಳಕು ಕಣ್ಣಿಗಿ ಬಿದ್ರ, ಮೈಗಿ ಇನ್ನಾ ಹಗಲದ ಅನಸ್ತದ. ನಿದ್ದಿ ತಡಾ ಮಾಡಿ ಬರ್ತದ.” ಬಣ್ಣದ ವಿಷಯದಲ್ಲಿ ಸಾಕ್ಷಾತ್ ಹರಿಶ್ಚಂದ್ರರಾದ ತಾವು ಹೊತ್ತಿನ ವಿಷಯದಲ್ಲಿ ಹೀಗೆ ಹಸಿ ಸುಳ್ಳು ಹೇಳುತ್ತೀರೆಂದು ನನಗೆ ತಿಳಿದಿರಲಿಲ್ಲ.

ಹೋಗಲಿ, ನನ್ನ ನಿದ್ದೆ ಹಾಳಾಗಲಿ. ಮಗಳ ಬದುಕಿಗೆ ಯಾಕೆ ಕೈ ಹಾಕಿದಿರಿ? ಕಳೆದ ವಾರ ಅವಳನ್ನು ನೋಡಲು ಅಕ್ಕಲಕೋಟದಿಂದ ವರ ಶೈಲೇಶ, ಅವನ ದೊಡ್ಡಪ್ಪ ಕಲ್ಯಾಣಪ್ಪನವರು ಬಂದಿದ್ದರು. ಹೋಳಿಗೆ ಊಟವಾಯಿತು, ಮಾತುಕತೆ ಶುರುವಾಯಿತು, ನಾನು ಲೋಡಿಗೆ ಒರಗಿದೆ. “ಲಗ್ನ ಆದ ಮ್ಯಾಲ ಹುಡುಗಿ ಕಾರಖಾನಿ ಕೆಲಸಾ ಬಿಡಬೇಕ್ರಿ, ಒಪ್ಪಿಗಿ ಅದ ಏನ್ರಿ?” ಎಂದು ಕಲ್ಯಾಣಪ್ಪನವರು ಕೇಳಿದರಂತೆ. ನನ್ನ ತಲೆ ಎದೆಯ ಮೇಲೆ ಬಿತ್ತಂತೆ. ಇನ್ನೊಮ್ಮೆ ಕೇಳಿದರೆ ಮತ್ತೆ ಬಿತ್ತಂತೆ, ಈ ಸಲ ಮೂಗಿನಿಂದ ‘ಹೂಂ’ ಎಂಬ ಸದ್ದಿನ ಸಮೇತ. ನಮ್ಮಲ್ಲಿ ಹೆಣ್ಣಿನ ತಂದೆ ತಲೆ ತೂಗಿದರೆ ಮಾತು ಮುಗಿದಂತೆಯೇ. ನನಗೆ ಎಚ್ಚರವಾದದ್ದು, ಸಂಬಂಧ ಪಕ್ಕಾ ಆಯಿತೆಂದು ಬಾಯೊಳಗೆ ಸಕ್ಕರೆ ಬಿದ್ದಾಗ. ಎದುರಿಗೆ ಕಲ್ಯಾಣಪ್ಪನವರ ಕೈ, ಒಳಬಾಗಿಲಲ್ಲಿ ಪೂನಮಳ ಮುಖ.

“ಕಣ್ಣು ಮುಚ್ಚಿ ಹೆಣ್ಣು ಕೊಟ್ರು ಅಂತಾರಲ್ಲ, ನೀವು ಖರೇನ ಮುಚ್ಚಿದ್ರಿ ನೋಡ್ರಿ!” ಎಂದು ಹೆಂಡತಿ ಲೀಲಾಬಾಯಿ ದಿನಾ ಮಂಗಳಾರತಿ ಎತ್ತುತ್ತಿದ್ದಾಳೆ. ಪೂನಮ ಅಂದಿನಿಂದ ನನ್ನೊಂದಿಗೆ ಮಾತೇ ಆಡಿಲ್ಲ. ನಿದ್ದೆ ಹತ್ತಿತ್ತೆಂದು ಬೀಗರಿಗೆ ಹೇಳಿದರೆ ಮರ್ಯಾದೆಯ ಗತಿ ಏನೆಂದು, ಕೈಗೆತ್ತಿಕೊಂಡ ಫೋನನ್ನು ನಾನು ಮತ್ತೆ ಮತ್ತೆ ಕೆಳಗಿಡುತ್ತಿದ್ದೇನೆ.

ಆದ್ದರಿಂದ ತಾವು ದಯಮಾಡಿ ಒಂದು ವಾರ ಅಕ್ಕಲಕೋಟದಲ್ಲಿ ಮುಕ್ಕಾಂ ಮಾಡಿ, ಸಂಜೆಯಾದೊಡನೆ ಕಲ್ಯಾಣಪ್ಪನವರ ಮುಖದ ಮುಂದೆ ಬೆಳಗಬೇಕು. ಅವರ ಕಣ್ಣು ಕೆಂಪಾದ ಸುದ್ದಿ ಬಂದ ಕೂಡಲೇ ಮಧ್ಯಾಹ್ನದ ಊಟಕ್ಕೆ ಹೋಳಿಗೆ ಹೊತ್ತುಕೊಂಡು ಬರುತ್ತೇನೆ, “ಪೂನಮ ಕೆಲಸಾ ಬಿಡಂಗಿಲ್ಲ, ಒಪ್ಪಿಗಿ ಅದ ಏನ್ರಿ?” ಎಂದು ಕೇಳಿ, ಅವರ ತಲೆ ಬೀಳುತ್ತಲೇ ಬಾಯಿಗೆ ಸಕ್ಕರೆ ಹಾಕುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತಮಗೇ ಬಿಡುತ್ತೇನೆ.

ಆಕಳಿಸುತ್ತಲೇ ಕೈ ಮುಗಿಯುವ,
ತಮ್ಮ ವಿಶ್ವಾಸಿ,
ರಾಚಪ್ಪ, ಚಾದರ ವ್ಯಾಪಾರಿ

ತಾ.ಕ.: ಸಹಿ ಹಾಕುವಷ್ಟರಲ್ಲಿ ಕಲ್ಯಾಣಪ್ಪನವರದೇ ಫೋನ್ ಬಂತು, ಲಗ್ನದ ದಿನ ಗೊತ್ತುಮಾಡಲು. ನಾನು ತಡವರಿಸುತ್ತಿದ್ದಾಗ ಪೂನಮ ಫೋನ್ ಕಸಿದುಕೊಂಡಳು: “ಕಾಕಾ, ನಮ್ಮಪ್ಪ ನಿದ್ದ್ಯಾಗ ಹೂಂ ಅಂದಾರ್ರಿ. ಕೆಲಸಾ ಬಿಡಾಕ ನಾ ಎಚ್ಚರಿದ್ದು ಒಲ್ಲೆ ಅನ್ನಾಕತ್ತೀನಿ.” ಲಗ್ನ ಉಳಿಯಿತೋ ಮುರಿಯಿತೋ ಇನ್ನೂ ಗೊತ್ತಿಲ್ಲ, ನನ್ನ ಮರ್ಯಾದೆಯಂತೂ ಹೋಯಿತು. ಆದರೆ ಫೋನ್ ಇಟ್ಟವಳು “ಅಪ್ಪಾ, ಚಾ ಕುಡೀತಿ?” ಎಂದು ಕೇಳಿದಳು. ಅವಳು ಚಾ ತರುವುದರೊಳಗೆ, ತಾವು ಪೂರ್ತಿ ಉರಿಯುತ್ತಿದ್ದಂತೆಯೇ, ತಮ್ಮ ಕಣ್ಣೆದುರೇ ಗೊರಕೆ ಹೊಡೆದುಬಿಟ್ಟೆ. ತಪ್ಪು ತಿಳಿಯಬಾರದು.